ಗಡ್ಡ ಎಳೆದ ಕಾಣಿಕೆ

"ಗಂಡಿನ ಕಡೆಯವರು ಇನ್ನೂ ಹೊಸ್ತಿಲಾಚೆ ಕೂತಿದ್ದಾರೆ, ಆಗಲೇ ಟೈ ಸರಿಮಾಡ್ಕೊಳ್ತಿದೀಯಲ್ಲೋ?" ಜೈರಸ್ ರೇಗಿಸಿದ. "ಕರೆಯೋವರೆಗೂ ಒಳಕೋಣೇಲಿ ಬಾಯಿ ಮುಚ್ಕೊಂಡಿರು. ಇದು ನಿನ್ನ ಸಂಪುಟ ಅಲ್ಲ."

ಹರಾರೆಯಲ್ಲಿ ಮಂತ್ರಿ ಗಾರಿಕಾಯಿಗೆ ಹೀಗೆ ಹೇಳಬಲ್ಲವನು ಅವನೊಬ್ಬನೇ. ಜೈರಸ್ ಆ ಮನೆಯ ಸಾಹ್ವಿರಾ. ತಾತಂದಿರ ಕಾಲದ ಗೆಳೆತನದ ಹಕ್ಕಿನಿಂದ, ಮದುವೆಯಿರಲಿ ಮಸಣವಿರಲಿ, ಆ ಮನೆಯವರನ್ನು ಮುಖದ ಮೇಲೇ ಹಂಗಿಸಬಹುದು. ಅವನ ಮಾತಿಗೆ ಸಿಟ್ಟಾಗುವಂತಿಲ್ಲ, ನಗಬೇಕು.

ಮಗಳು ಚಿಯೆಡ್ಜಾ ಲೀಡ್ಸ್‌ನಲ್ಲಿ ನರ್ಸು. ಗಂಡಿನವರು ಹೆಣ್ಣಿನ ಮನೆಗೆ ದನ, ಹಣ ಕೊಡುವ ತೆರದ ಮಾತುಕತೆ ಇಲ್ಲಿ, ಮದುವೆ ಅಲ್ಲಿ. ಆ ಮದುವೆಗೆ ಅಪ್ಪ ಹೋಗುವಂತಿಲ್ಲ. ಚುನಾವಣೆಯ ಹೊಡೆದಾಟಗಳ ನಂತರ ಹೊರದೇಶಗಳು ಅಲ್ಲಿ ಕಾಲಿಡದಂತೆ ನಿರ್ಬಂಧ ಹೇರಿದ್ದ ರಾಜಕಾರಣಿಗಳಲ್ಲಿ ಅವನೂ ಒಬ್ಬ. ಮೇಷ್ಟ್ರಾಗಿದ್ದವನು ಉಪಮಂತ್ರಿಯವರೆಗೆ ಏರಿದ್ದ. ನಿರ್ಬಂಧ ಬಿದ್ದ ಮೇಲೆ ಪೂರ್ಣ ಮಂತ್ರಿಯೇ ಆದ. ಪಕ್ಷಕ್ಕೆ ಅದಕ್ಕಿಂತ ದೊಡ್ಡ ಯೋಗ್ಯತೆ ಬೇಕಿರಲಿಲ್ಲ. ಅಂದಿನಿಂದ ರಸ್ತೆಯ ಗುಂಡಿಗೂ ಒಣಗಿದ ನಲ್ಲಿಗೂ ನಿರ್ಬಂಧವೇ ಕಾರಣವೆಂದು ಭಾಷಣ ಬಿಗಿಯುತ್ತ ಬಂದ. ಮಗಳನ್ನು ಕಾಣದಿರುವುದಕ್ಕೂ ಅದೇ ಕಾರಣ ಹೇಳುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ಆ ದೊಡ್ಡ ಮನೆಯಲ್ಲಿ ಅದನ್ನು ಕೇಳಲೂ ಯಾರೂ ಉಳಿದಿರಲಿಲ್ಲ.

ಇವತ್ತು ಅವನಿಗೆ ಬೇಕಾಗಿದ್ದುದು ಒಂದೇ. ತೆರದಲ್ಲಿ ಅಪ್ಪನದೇ ಆದ ಸಣ್ಣ ಕಾಣಿಕೆಯೊಂದಿದೆ. ಮಗಳು ಮಡಿಲಲ್ಲಿ ಕೂತು ಗಡ್ಡ ಎಳೆದಾಡಿದ್ದಕ್ಕೆ ಕೊಡುವಂಥದು. ದನಗಳ ಮಾತಿಗೆ ಚೌಕಾಸಿಯುಂಟು, ಇದಕ್ಕಿಲ್ಲ. ಇದು ಕೈಗೆ ಬಂದರೆ, ಎಲ್ಲಿದ್ದರೂ ಅವಳು ತನ್ನ ಮಗಳೆಂದು ನಾಲ್ಕು ಜನ ಒಪ್ಪಿದಂತೆ.

ಅರ್ಧ ತೆರೆದ ಬಾಗಿಲಿನ ಹಿಂದೆ ಕೂತು ಅವನು ಕೇಳಿಸಿಕೊಳ್ಳುತ್ತಿದ್ದ. ಗಂಡಿನ ಕಡೆಯ ಮಧ್ಯಸ್ಥ ಮಂಡಿಯೂರಿ, ಮೆಲ್ಲಗೆ ಚಪ್ಪಾಳೆ ತಟ್ಟಿ, ಮರದ ತಟ್ಟೆಯನ್ನು ಮುಂದೆ ಸರಿಸಿದ.

"ಇದು ತಂದೆಯವರ ಗಡ್ಡಕ್ಕೆ."

"ಯಾವ ಗಡ್ಡ?" ಎಂದ ಜೈರಸ್. "ಆ ಗಡ್ಡ ನಾವು ನೋಡಿದ್ದು ಟೀವೀಲಿ. ಹುಡುಗಿ ಗಾಜು ಕೆರೆದು ಎಳೆದಳಾ?"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಳಗೆ ಗಾರಿಕಾಯಿಯೂ ನಕ್ಕ. ಸೋದರತ್ತೆ ಹಿಡಿದಿದ್ದ ಫೋನಿನ ವೀಡಿಯೊದಲ್ಲಿ ಚಿಯೆಡ್ಜಾ ನಗಲಿಲ್ಲ.

"ಅತ್ತೆ, ಅದನ್ನ ಜೈರಸ್ ಮಾಮನಿಗೇ ಕೊಡಿ."

"ತಮಾಷೆ ಸಾಕು ಕಣೇ."

"ತಮಾಷೆ ಅಲ್ಲ. ಹಾಸ್ಟೆಲಿಗೆ ನನ್ನ ನೋಡೋಕೆ ಬರ್ತಿದ್ದೋರು ಮಾಮ. ಮಲೇರಿಯಾ ಬಂದಾಗ ಹೊತ್ಕೊಂಡು ಓಡಿದ್ದೂ ಮಾಮನೇ. ಆಗಿನ್ನೂ ಅಪ್ಪನ್ನ ಯಾವ ದೇಶಾನೂ ತಡೆದಿರಲಿಲ್ಲ."

ಎಂದೂ ಮಾತಿಗೆ ತಡವರಿಸದ ಜೈರಸ್ ತಡವರಿಸಿದ. "ಹಾಗನ್ಬೇಡ ಮಗಳೇ. ನಾನು ಬರೀ ಹುಡುಗಾಟಕ್ಕೆ ಅಂದಿದ್ದು."

ಫೋನು ಹಿಡಿದಿದ್ದ ತಂಗಿ ಒಳಕೋಣೆಗೆ ಬಂದಳು. "ಏನು ಹೇಳಲಿ ಅಣ್ಣಾ? ಈ ಕಾಣಿಕೆ ತೀರದೆ ಮಾತು ಮುಂದೆ ಹೋಗಲ್ಲ. ನೀನು ಒಪ್ಪಲ್ಲ ಅಂದ್ರೆ ಸಂಬಂಧ ಇಲ್ಲಿಗೇ ಮುರಿಯುತ್ತೆ."

ಎಲ್ಲ ಪ್ರಶ್ನೆಗೂ ಇದ್ದ, ನಿರ್ಬಂಧವೆಂಬ ಆ ಒಂದು ಉತ್ತರ ಗಾರಿಕಾಯಿಯ ನಾಲಿಗೆಯ ತುದಿಗೆ ಬಂತು. ಇಲ್ಲಿ ಅದು ನಡೆಯುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಎದ್ದು, ಯಾರೂ ಕರೆಯದೆಯೇ ಹೊರಗೆ ಬಂದ. ತಂದೆಯಾದವನು ಹಾಗೆ ಬರಬಾರದು. ಹಿರಿಯರು ಮುಖ ಮುಖ ನೋಡಿಕೊಂಡರು. ಅವನು ತಟ್ಟೆಯನ್ನು ಎರಡು ಕೈಯಲ್ಲಿ ಎತ್ತಿ ಜೈರಸ್‌ನ ಮಡಿಲಲ್ಲಿಟ್ಟ. ಹೆಂಗಸರು ಸಂಭ್ರಮದ ಕೇಕೆ ಹಾಕಿದರು. ಜೈರಸ್ ತಲೆಯೆತ್ತಲಿಲ್ಲ.

ಊಟಕ್ಕೆ ಮುದ್ದೆ, ಕೋಳಿ ಬಂದವು. ಫೋನು ಗಂಡಿನ ಸೋದರತ್ತೆಯರ ಕೈಯಿಂದ ಕೈಗೆ ದಾಟಿ ಕೊನೆಗೆ ಗಾರಿಕಾಯಿಯ ಕೈಗೆ ಬಂತು. ಅವನು ಅದನ್ನು ಮುಖದ ಹತ್ತಿರಕ್ಕೆ ತಂದುಕೊಂಡ.

"ಅಲ್ಲಿ ಚಳಿಯಾ?"

"ಹೂಂ." ಆಮೇಲೆ ಚಿಯೆಡ್ಜಾ ಎಂದಳು: "ಸ್ವಲ್ಪ ದೂರ ಹಿಡಿ ಅಪ್ಪಾ, ನಿನ್ನ ಕಣ್ಣು ಕಾಣ್ತಿಲ್ಲ. ಬರೀ ಗಡ್ಡ ಕಾಣ್ತಿದೆ."

ಅವನು ಫೋನನ್ನು ದೂರ ಹಿಡಿಯಲಿಲ್ಲ, ಗಡ್ಡ ಅವಳ ಕೈಗೆ ಸಿಗಲಿ ಎಂಬಂತೆ.