ನಾಲ್ಕನೆಯವನಾಗಿ ಬಂದವನು

"ಪ್ಯಾಡ್ ಕಟ್ಟಿಕೊಳ್ಳೋ ಆಸ್ಮಂಡ್," ಎಂದರು ಅಲೇನ್ ಮೇಷ್ಟ್ರು. ಅವರೇ ತಂಡದ ಕ್ಯಾಪ್ಟನ್.

ತಂಡದ ವೇಗದ ಬೌಲರ್ ಆಸ್ಮಂಡ್ ತಲೆ ಎತ್ತಲಿಲ್ಲ. ಬೂಟಿನ ಲೇಸು ಬಿಚ್ಚುತ್ತಿದ್ದ ಕೈ ಹಾಗೇ ನಿಂತಿತು. ಸಂಜೆಯ ಬೆಳಕು ಕುಂದಿತ್ತು. ಎರಡನೆಯ ವಿಕೆಟ್ ಆಗಷ್ಟೇ ಬಿದ್ದಿತ್ತು. ಈ ಹೊತ್ತಿನಲ್ಲಿ ಒಳ್ಳೆಯ ಬ್ಯಾಟ್ಸ್‌ಮನ್‌ನನ್ನು ಕಳಕೊಳ್ಳುವುದು ಯಾರಿಗೆ ಬೇಕು? ಕೊನೆಗೆ ಆಡುವ ಬಾಲಂಗೋಚಿಯೊಬ್ಬನನ್ನು ಮುಂದೆ ತಳ್ಳಬೇಕು. ಅವನೇ ನೈಟ್‌ವಾಚ್‌ಮನ್. ಬೇರೆ ಕಡೆ ಅವನು ಕಾಯುವುದು ಒಂದು ರಾತ್ರಿ. ಬಾರ್ಬಡೋಸಿನ ಈ ಹಳ್ಳಿಗಳಲ್ಲಿ ಒಂದು ಪಂದ್ಯ ಮೂರು ಶನಿವಾರ ನಡೆಯುತ್ತದೆ. ಇಲ್ಲಿ ಕಾಯಬೇಕಾದದ್ದು ಏಳು ರಾತ್ರಿ.

"ಬೇರೆ ಯಾರನ್ನಾದ್ರೂ ಕಳಿಸಿ ಮೇಷ್ಟ್ರೆ."

"ಯಾಕೋ? ಬೆಳಿಗ್ಗೆ ನೀನೇ ಪಾಠ ಹೇಳಿದೆಯಲ್ಲ!"

ಹೇಳಿದ್ದು ನಿಜ. ಹಿಂದಿನ ಶನಿವಾರದ ಮಬ್ಬಿನಲ್ಲಿ ಎದುರು ತಂಡದ ಸೆಲ್ವಿನ್ ಹೀಗೆಯೇ ಬಂದು ವಿಕೆಟ್ ಉಳಿಸಿಕೊಂಡಿದ್ದ. ಹತ್ತೊಂಬತ್ತರ ಹುಡುಗ, ಬ್ಯಾಟ್ ಹಿಡಿಯಲು ಬಾರದವನು. ಇವತ್ತು ಬೆಳಿಗ್ಗೆ ಆಸ್ಮಂಡ್ ಅವನಿಗೆ ಮೊದಲ ಚೆಂಡನ್ನೇ ಮೂಗಿನ ಎತ್ತರಕ್ಕೆ ಎಸೆದಿದ್ದ. ತಲೆಗೆ ಬಟ್ಟೆ ಟೋಪಿ ಬಿಟ್ಟರೆ ಬೇರೇನೂ ಇರದ ಕಾಲ. ಬಾಲಂಗೋಚಿಯ ತಲೆಗೆ ವೇಗದ ಬೌಲರ್ ಚೆಂಡು ಹಾಕುವುದಿಲ್ಲ. ಯಾವ ಪುಸ್ತಕದಲ್ಲೂ ಇಲ್ಲದ, ಎಲ್ಲರಿಗೂ ಗೊತ್ತಿದ್ದ ಮಾತು.

"ಹನ್ನೊಂದನೆಯವನು ಕಣಯ್ಯಾ ಅವನು," ಎಂದಿದ್ದ ಅಂಪೈರ್.

"ನಾಲ್ಕನೆಯವನಾಗಿ ಬಂದಿದ್ದಾನಲ್ಲ? ನಾಲ್ಕನೆಯವನಾಗಿ ಬಂದವ ಬ್ಯಾಟ್ಸ್‌ಮನ್ನೇ," ಎಂದಿದ್ದ ಆಸ್ಮಂಡ್.

ಸ್ಲಿಪ್ಪಿನಲ್ಲಿದ್ದವರು ನಕ್ಕರು. ಆ ನಗು ಕಿವಿಯಲ್ಲಿರುವಾಗಲೇ ಆಸ್ಮಂಡ್ ಮುಂದಿನ ಚೆಂಡಿಗೆ ಓಡಿದ. ಮಾಗಿದ ಹಲಸು ಸಿಮೆಂಟಿನ ಮೇಲೆ ಬಿದ್ದಂಥ ಸದ್ದು. ಚೆಂಡು ಸೆಲ್ವಿನ್ನನ ಮುಖಕ್ಕೆ ಬಡಿದಿತ್ತು. ದವಡೆ ಒಂದು ಪಕ್ಕಕ್ಕೆ ತಿರುಗಿಹೋಗಿತ್ತು. ಮಂಡಿಯೂರಿ, ಕೆಂಪು ಜೊಲ್ಲು ಸುರಿಸುತ್ತ ನೆಲದಲ್ಲಿ ಏನನ್ನೋ ತಡಕಾಡಿದ. ಅವನ ಅಣ್ಣ ಡಾರ್ನ್ಲಿ, ಆ ತಂಡದ ವೇಗದ ಬೌಲರ್, ಮೈದಾನದೊಳಗೆ ಓಡಿಬಂದು ಎರಡು ಹಲ್ಲು ಹೆಕ್ಕಿ ಕರವಸ್ತ್ರದಲ್ಲಿ ಕಟ್ಟಿಕೊಂಡ.

ಈಗ ಆಸ್ಮಂಡ್ ಪ್ಯಾಡ್ ಕಟ್ಟಿ ಹೋದ. ಆ ಸಂಜೆಗೆ ಒಂದೇ ಚೆಂಡು ಉಳಿದಿತ್ತು. ಸ್ಪಿನ್ನರ್ ಹಾಕಿದ, ಆಸ್ಮಂಡ್ ತಡೆದ. ಹಿಂತಿರುಗುವಾಗ ಡಾರ್ನ್ಲಿ ಪಕ್ಕಕ್ಕೆ ಬಂದ.

"ಎಷ್ಟನೆಯವನಾಗಿ ಬಂದೆಯಣ್ಣಾ?"

"ನಾಲ್ಕನೆಯವನಾಗಿ."

"ಸರಿ," ಎಂದ ಡಾರ್ನ್ಲಿ.

ಆ ವಾರ ಕಲ್ಲುಗಣಿಯ ಕೆಲಸದಲ್ಲಿ, ಮೆದುಗಲ್ಲು ಕೊಯ್ಯುವ ಆಸ್ಮಂಡನ ಗರಗಸ ಓಡಲಿಲ್ಲ. ಜೊತೆಯವರು ಬಿಡುವವರೇ? "ಲೇ, ಶವಪೆಟ್ಟಿಗೆಗೆ ಅಳತೆ ಕೊಟ್ಟೆಯೇನೋ?" "ಮುಚ್ಚಿದ ಪೆಟ್ಟಿಗೆಯೇ ಮಾಡಿಸೋ, ಮುಖ ಉಳಿಯಲ್ಲ!"

ಶುಕ್ರವಾರ ಹೆಂಡತಿ ವೆರೋನಾ ಮೀನಿನ ತಟ್ಟೆಯನ್ನು ಅವನ ಮುಂದೆ ಕುಕ್ಕಿದಳು. "ಹೋಗಿ ತಪ್ಪಾಯ್ತು ಅನ್ನು. ಇಲ್ಲ, ಹೊಟ್ಟೆನೋವು ಅಂತ ಮನೇಲಿ ಮಲಗು."

"ಡಾರ್ನ್ಲಿ ನನ್ನ ತಲೆಗೆ ಹಾಕಲಿ ಕಣೇ. ಹಾಕಿದ್ರೆ ನಾನು ಮಾಡಿದ್ದೇ ಸರಿ ಅಂತ ಅವನೂ ಒಪ್ಪಿದ ಹಾಗೆ."

"ಹಾಕದೇ ಹೋದ್ರೆ?"

ಆಸ್ಮಂಡ್ ಮುಳ್ಳು ಬಿಡಿಸುತ್ತ ಕೂತ. ಆ ಯೋಚನೆ ಅವನಿಗೆ ಬಂದೇ ಇರಲಿಲ್ಲ.

ಮೂರನೆಯ ಶನಿವಾರ ಹುಣಸೆಮರದ ಕೆಳಗಿನ ಬೆಂಚಿನಲ್ಲಿ ಸೆಲ್ವಿನ್ ಕೂತಿದ್ದ. ದವಡೆಗೆ ತಂತಿ ಬಿಗಿದಿದ್ದರು. ತಾಯಿ ಸೂಪಿನ ಲೋಟ ಹಿಡಿದಿದ್ದಳು. ಅವನು ಕೊಳವೆಯಲ್ಲಿ ಹೀರುತ್ತಿದ್ದ.

ಡಾರ್ನ್ಲಿ ಬೌಂಡರಿಯಂಚಿನ ಸೈಟ್‌ಸ್ಕ್ರೀನಿನ ಬುಡದಿಂದಲೇ ಓಡಿಬಂದ. ಮೊದಲು ಸಿಕ್ಕವನು ಆರಂಭಿಕ ಆಟಗಾರ ಕ್ಲೈಡ್. ಚೆಂಡು ಪಕ್ಕೆಲುಬಿಗೆ ಹೊಡೆಯಿತು. ಇನ್ನೊಂದು ಅದೇ ಜಾಗಕ್ಕೆ. ಮೂರನೆಯದು ಹುಬ್ಬು ಸೀಳಿತು. ಕ್ಲೈಡ್ ತನ್ನ ರಕ್ತದಲ್ಲೇ ಜಾರಿ ಬಿದ್ದ. ಅವನನ್ನು ಹೊತ್ತೊಯ್ದ ಮೇಲೆ ಅಲೇನ್ ಮೇಷ್ಟ್ರು ಬಂದರು. ಎರಡನೆಯ ಚೆಂಡಿಗೆ ಅವರ ಹೆಬ್ಬೆರಳು ಬ್ಯಾಟಿನ ಹಿಡಿಗೂ ಚೆಂಡಿಗೂ ನಡುವೆ ಸಿಕ್ಕಿ ಜಜ್ಜಿಹೋಯಿತು. ಕೈಗವಸು ಕಳಚಿದಾಗ ಬಿಳಿಯದೇನೋ ಹೊರಗಿಣುಕಿತು. ಮೇಷ್ಟ್ರು ವಾಂತಿ ಮಾಡಿದರು. ಮೈದಾನದಂಚಿನ ಜನರಿಂದ ಕೂಗು: "ಹೊಡಿ, ಡಾರ್ನ್ಲಿ! ಆ ನಾಲ್ಕನೆಯವನಿಗೆ ಹೊಡಿ!"

ಡಾರ್ನ್ಲಿಯ ಮುಂದಿನ ಓವರಿಗೆ ಎದುರು ನಿಂತು ಆಸ್ಮಂಡ್ ಕಾದ. ಮೈಯೆಲ್ಲ ಬೆವರು, ಬಾಯಲ್ಲಿ ತುಕ್ಕಿನ ರುಚಿ. ಡಾರ್ನ್ಲಿ ಓಡಿಬಂದ, ಅದೇ ಓಟ, ಅದೇ ಉಸಿರು. ಚೆಂಡು ಮಾತ್ರ ಮೆಲ್ಲಗೆ ಬಂದು ಅವನ ಪಾದದ ಹತ್ತಿರ ಬಿತ್ತು. ಮುಂದಿನದೂ ಹಾಗೆಯೇ. ಅದರ ಮುಂದಿನದೂ. ಮಕ್ಕಳಿಗೆ ಎಸೆಯುವ ಹಾಗೆ.

"ಹಾಕೋ!" ಆಸ್ಮಂಡ್ ಅರಚಿದ. ಟೋಪಿ ಕಿತ್ತು ಎಸೆದ. "ತಲೆಗೆ ಹಾಕೋ, ಹೇಡಿ!"

ಡಾರ್ನ್ಲಿ ನಿಂತ. ಚೆಂಡಿನ ರಕ್ತವನ್ನು ಪ್ಯಾಂಟಿಗೆ ಒರೆಸಿದ.

"ಬಾಲಂಗೋಚಿಗಳ ತಲೆಗೆ ನಾನು ಹಾಕಲ್ಲಣ್ಣಾ," ಎಂದ.

ಮುಂದಿನ ಚೆಂಡು ಬಂತು. ಆಸ್ಮಂಡ್ ಪಕ್ಕಕ್ಕೆ ಸರಿದು ನಿಂತ. ಅದು ಉರುಳುತ್ತ ಬಂದು ಸ್ಟಂಪಿಗೆ ತಾಗಿತು.

ಅವನು ಪೆವಿಲಿಯನ್ನಿಗೆ ಹೋಗಲಿಲ್ಲ. ನೆಟ್ಟಗೆ ಹುಣಸೆಮರದ ಕೆಳಗೆ ನಡೆದ.

"ನೀನು ಹನ್ನೊಂದನೆಯವನೇ ಕಣೋ," ಎಂದ ಸೆಲ್ವಿನ್‌ಗೆ.

ಹುಡುಗ ಕೊಳವೆ ಬಿಟ್ಟು ಅವನನ್ನೇ ನೋಡಿದ. ತಂತಿಯ ಹಿಂದೆ ನಾಲಿಗೆ ಅಲುಗಿತು, ಮಾತಾಗಲಿಲ್ಲ.

ತಾಯಿ ಲೋಟ ಕೆಳಗಿಟ್ಟಳು. "ಈಗ ಹೇಳ್ತಿದ್ದೀಯಲ್ಲಪ್ಪಾ, ಅವತ್ತು ಗೊತ್ತಿರಲಿಲ್ವಾ?"

ಮೈದಾನದಲ್ಲಿ ಚೆಂಡು ಮತ್ತೆ ಯಾರದೋ ಮೂಳೆಗೆ ಬಡಿದ ಸದ್ದಾಯಿತು. ಮೂವರಲ್ಲಿ ಯಾರೂ ತಿರುಗಿ ನೋಡಲಿಲ್ಲ.

"ಗೊತ್ತಿತ್ತಮ್ಮಾ," ಎಂದ ಆಸ್ಮಂಡ್.