ಹೊನ್ನಕ್ಕ ಮುಗಿಸದ ಜಪಸರ

ಒಂದೂರಿತ್ತಂತೆ. ಆ ಊರಿನಾಚೆ, ಮುಳ್ಳುಬೇಲಿಯೊಳಗೆ ಒಂದು ಹಟ್ಟಿಯಿತ್ತಂತೆ. ಆ ಹಟ್ಟಿಯಲ್ಲಿ ಕುರಿಗಳಿಗಿಂತ ಹೆಚ್ಚು ಕತೆಗಳನ್ನು ಸಾಕಿಕೊಂಡಿದ್ದ ಒಬ್ಬಳು ಅಜ್ಜಿಯಿದ್ದಳಂತೆ. ಒಂದು ದಿನ ಅವಳ ಕೈಗೆ ಯಾರದೋ ಸರವೊಂದು ಬಂತಂತೆ. ಎಷ್ಟು ತಿರುಗಿಸಿದರೂ ಆ ಸರ ಮುಗಿಯಲೇ ಇಲ್ಲವಂತೆ.

ಕತೆಯ ಅಜ್ಜಿ ತನ್ನ ಅಜ್ಜಿ ಹೊನ್ನಕ್ಕನೇ, ಊರು ಪಾವಗಡದ ಕಡೆಯ ತಿರುಮಣಿಯೇ ಎಂಬುದು ತಿಳಿಯುವ ವಯಸ್ಸಾದ ಮೇಲೂ ದಿವ್ಯಳಿಗೆ ಇದು ಏಳು ಸಮುದ್ರದಾಚೆಯ ಸಂಗತಿಯಂತೆಯೇ ಕೇಳಿಸುತ್ತಿತ್ತು. ದಿನಾ ಸಂಜೆ, ಸೋಲಾರ್ ಹಲಗೆಗಳ ಮೇಲೆ ಬಿಸಿಲು ಕರಗಿ, ಹಿಂದೆ ಹೊಲಗಳಿದ್ದ ಜಾಗವೆಲ್ಲ ಒಂದು ನೀಲಿ ಕೆರೆಯಂತೆ ಕಾಣುವ ಹೊತ್ತಿಗೆ ಹೊನ್ನಕ್ಕ ಜಗಲಿಯ ಮೇಲೆ ಕೂತು ಸೆರಗಿನ ಗಂಟು ಬಿಚ್ಚುತ್ತಿದ್ದಳು. ಕಂದು ಮರದ ಮಣಿಗಳ ಸರ. ಎರಡು ತುದಿಯೂ ಕೂಡುವಲ್ಲಿ ತಾಯಿಯ ಮುಖವಿರುವ ಒಂದು ಬಿಲ್ಲೆ. ಬಿಲ್ಲೆಯಿಂದ ಕೆಳಕ್ಕೆ ಜೋತುಬಿದ್ದ ಒಂದಷ್ಟು ಮಣಿ, ಅದರ ಕೊನೆಗೆ ಶಿಲುಬೆ.

ಒಂದೊಂದು ಮಣಿಗೂ "ತಾಯೀ, ಕೈ ಬುಡಬ್ಯಾಡ" ಎನ್ನುತ್ತ ಹೊನ್ನಕ್ಕ ಸುತ್ತಿ ಬರುವಳು. ಬಿಲ್ಲೆ ಬೆರಳಿಗೆ ತಾಕಿದ್ದೇ ಸರವನ್ನು ಹೊರಳಿಸಿ, ಬಂದ ದಾರಿಯಲ್ಲೇ ಮತ್ತೆ ಹೊರಡುವಳು.

"ಅದನ್ನ ಯಾಕೆ ದಾಟಲ್ಲ ಅಜ್ಜಿ?"

"ಅದು ಮೇರುಮಣಿ ಕಣಮ್ಮ. ದಾಟ್ಬಾರ್ದು ಅಂತ ಹಟ್ಟಿಗೆ ಬರೋ ದಾಸಯ್ಯ ಹೇಳವ್ನೆ. ಅಲ್ಲಿಗಂಟ ಹೋಗಿ ವಾಪಸ್ ಬರ್ಬೇಕು."

"ಅಂಗಾದ್ರೆ ಮುಗಿಯೋದು ಹೆಂಗೆ?"

"ಅದೇ ಕಣೇ ನಂಗೂ ಗೊತ್ತಾಯ್ತಿಲ್ಲ."

ಸರ ಬಂದದ್ದು ದಿವ್ಯ ಹುಟ್ಟಿದ ದಿನ. ಆಗ ಅವರಲ್ಲಿ ಹೆರಿಗೆ ಹಟ್ಟಿಯೊಳಗೆ ಆಗುವಂತಿರಲಿಲ್ಲ. ಬೇಲಿಯಾಚೆ ಗರಿ ಹೊದಿಸಿದ ಗುಡ್ಲಲ್ಲೇ ಬಾಣಂತಿ ಮಲಗಬೇಕು, ಮನೆಯವರು ಮುಟ್ಟಬಾರದು. ಆ ಮಧ್ಯಾಹ್ನ ಗುಡ್ಲೊಳಗೆ ಬಗ್ಗಿ ಹೋದವರು ಸರ್ಕಾರಿ ಆಸ್ಪತ್ರೆಯ ನರ್ಸ್ ಜಸಿಂತಮ್ಮ. ನೋವು ಏಳುವುದನ್ನು ಕಾಯುತ್ತ ಅವರು ತಮ್ಮ ಜಪಸರ ಹಿಡಿದು ಕೂತಿದ್ದರು. ಕೂಸು ಅಡ್ಡ ತಿರುಗಿದೆ ಎಂದು ಗೊತ್ತಾಗುತ್ತಲೇ ಎರಡೂ ಕೈ ಬೇಕಾದವು. ಸರವನ್ನು ಬಾಗಿಲಿನಿಂದ ಹೊರಗೆ ಚಾಚಿ, "ಹೊನ್ನಕ್ಕ, ಇದನ್ನ ಅರ್ಧಕ್ಕೆ ನಿಲ್ಲಿಸಬಾರದು. ನೀನು ಮುಗಿಸಿ ಕೊಡು" ಎಂದರು.

ಸೂತಕದ ಕೈಯಿಂದ ಏನನ್ನೂ ತಗೋಬಾರದೆಂಬುದು ಹೊನ್ನಕ್ಕನಿಗೆ ಆ ಗಳಿಗೆಯಲ್ಲಿ ನೆನಪಾಗಲಿಲ್ಲ. "ಮುಗಿಸಿ ಕೊಡ್ತೀನಿ ಸಿಸ್ಟರಮ್ಮ" ಎಂದು ಇಸಿದುಕೊಂಡಳು.

ಕೂಸು ಹುಟ್ಟಿತು, ಅತ್ತಿತು. ತಾಯಿ ಮಗುವನ್ನು ಜೀಪಿನಲ್ಲಿ ಹಾಕಿಕೊಂಡು ಜಸಿಂತಮ್ಮ ಪಾವಗಡಕ್ಕೆ ಓಡಿದರು. ಆಮೇಲೆ ಅವರಿಗೆ ಎಲ್ಲಿಗೋ ವರ್ಗವಾಯಿತು. ಹೊನ್ನಕ್ಕ ಮಾತ್ರ ಬಿಲ್ಲೆಯಿಂದ ಬಿಲ್ಲೆಗೆ ತಿರುಗುತ್ತಲೇ ಉಳಿದಳು. ದಿವ್ಯ ಒಲೆಯ ಮುಂದೆ ಕನಸು ಕಾಣುತ್ತ ಹಾಲು ಉಕ್ಕಿಸಿದಾಗಲೆಲ್ಲ, "ಸರ ಮುಗಿದಿಲ್ಲ ನೋಡು, ಅದಕ್ಕೇ ಇವಳು ಅರ್ಧ ಇನ್ನೂ ಆ ಗುಡ್ಲಲ್ಲೇ ಅವ್ಳೆ" ಎಂದು ರೇಗಿಸುವಳು. ದಿವ್ಯಳಿಗೂ ಒಮ್ಮೊಮ್ಮೆ ಅದು ನಿಜವೆನಿಸುತ್ತಿತ್ತು. ಗರಿಯ ಸಂದಿನಿಂದ ಇಳಿದ ಬಿಸಿಲಿನ ಚುಕ್ಕಿಗಳು ತನ್ನ ಮೈಮೇಲೆ ಇನ್ನೂ ಆಡುತ್ತಿವೆ ಅನಿಸುತ್ತಿತ್ತು.

ದೊಡ್ಡವಳಾಗಿ ಅವಳು ಮಧುಗಿರಿಯ ಮೆಡಿಕಲ್ ಸ್ಟೋರೊಂದರಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿಗೆ ಮಂಡಿನೋವಿನ ಮಾತ್ರೆಗೆ ಬರುತ್ತಿದ್ದ ಮುದುಕಿಯೊಬ್ಬರು ಕಾಯುವಾಗೆಲ್ಲ ಬೆರಳ ಗೆಣ್ಣುಗಳನ್ನು ಮುಟ್ಟಿಕೊಳ್ಳುತ್ತ ತುಟಿ ಅಲ್ಲಾಡಿಸುತ್ತಿದ್ದರು. ಚೀಟಿಯಲ್ಲಿ ಜಸಿಂತಮ್ಮ ಎಂಬ ಹೆಸರು ಕಂಡು ದಿವ್ಯ ಮಾತ್ರೆ ಎಣಿಸುವುದನ್ನು ಬಿಟ್ಟಳು. ತಿರುಮಣಿಯ ಕಡೆ ಇದ್ದಿರಾ ಎಂದು ಕೇಳಿದಳು. ಇದ್ದರು. ಬರುವ ಭಾನುವಾರ ತಮ್ಮನ ಮನೆಗೆಂದು ಮೈಸೂರಿಗೆ ಹೊರಟುಬಿಡುವವರಿದ್ದರು, ಇನ್ನು ಈ ಕಡೆ ಬರುವುದಿಲ್ಲವಂತೆ.

ಸುದ್ದಿ ಕೇಳಿ ಹೊನ್ನಕ್ಕ ಅನ್ನದ ತಟ್ಟೆ ಪಕ್ಕಕ್ಕಿಟ್ಟಳು. "ಅಯ್ಯೋ, ಇನ್ನೂ ಮುಗ್ಸಿಲ್ವಲ್ಲೇ! ಹೋಗ್ಬುಟ್ರೆ ಯಾರಿಗೆ ಕೊಡ್ಲಿ?"

ಶನಿವಾರ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದರು. "ಏಮವ್ವಾ, ಎಕ್ಕಡಿಕಿ, ಯಾವೂರಿಗೆ? ಫ್ರೀ ಟಿಕೆಟ್ಟಿಗೆ ಆಧಾರ್ ತೆಗಿ" ಎಂದ ಕಂಡಕ್ಟರನಿಗೆ ಹೊನ್ನಕ್ಕ ಗಡಿಬಿಡಿಯಲ್ಲಿ ಸರವನ್ನೇ ತೋರಿಸಿದಳು. "ಇದ್ರಲ್ಲಿ ಫೋಟೋ ನಿಂದಲ್ಲ ಕಣವ್ವ" ಎಂದು ಅವನು ನಕ್ಕ.

ಮಧುಗಿರಿಯ ಬಂಡೆಯ ನೆರಳು ಬೀಳುವ ಓಣಿಯಲ್ಲಿ ಜಸಿಂತಮ್ಮನ ಬಾಡಿಗೆ ಮನೆ. ಸಾಮಾನೆಲ್ಲ ಮೂಟೆಯಾಗಿತ್ತು. ಹೊನ್ನಕ್ಕ ಹೊಸ್ತಿಲಲ್ಲೇ ನಿಂತು ಸರವನ್ನು ಎತ್ತಿ ಹಿಡಿದಳು.

"ಅಯ್ಯೋ, ನನ್ನ ಸರ! ಇನ್ನೂ ಇಟ್ಕೊಂಡಿದ್ದೀಯಾ?"

"ಇಟ್ಕೊಂಡಿಲ್ಲ ಸಿಸ್ಟರಮ್ಮ, ಮಾಡ್ತಾನೇ ಇವ್ನಿ. ಮುಗೀವಲ್ದು. ದಿನಾ ಕೂತ್ಕಂತೀನಿ."

ಜಸಿಂತಮ್ಮ ಮೂಟೆಗಳನ್ನು ಸರಿಸಿ ಹತ್ತಿರ ಬಂದರು. "ದಿನಾನಾ?" ಎಂದರು ಮೆಲ್ಲಗೆ. "ಏನಂತ ಹೇಳ್ತೀಯಾ?"

"ನಿಮ್ಮ ಮಂತ್ರ ನಂಗೆಲ್ಲಿ ಬತ್ತದೆ? ತಾಯೀ, ಕೈ ಬುಡಬ್ಯಾಡ ಅಂತೀನಿ."

"ನಾನೂ ಅದನ್ನೇ ಸ್ವಲ್ಪ ಉದ್ದ ಮಾಡಿ ಹೇಳೋದು. ಬಾ, ಕೂತ್ಕೋ. ಇಬ್ರೂ ಸೇರಿ ಮುಗಿಸೋಣ."

ಚಾಪೆಯ ಮೇಲೆ ಎದುರುಬದುರು ಕೂತರು. ಸರ ಹೊನ್ನಕ್ಕನ ಕೈಯಲ್ಲಿ. "ನಮೋ ಮರಿಯಾ" ಎಂದು ಜಸಿಂತಮ್ಮ ಎತ್ತಿಕೊಡುವರು, "ತಾಯೀ, ಕೈ ಬುಡಬ್ಯಾಡ" ಎಂದು ಹೊನ್ನಕ್ಕ ಇಳಿಸುವಳು. ಬೀಸುವ ಕಲ್ಲಿನ ಗೂಟ ಇಬ್ಬರು ಹೆಂಗಸರ ಕೈಯಲ್ಲಿ ಹೋಗಿ ಬರುವ ಹಾಗೆ ಮಾತು ಹೋಗಿ ಬರುತ್ತಿತ್ತು. ಹತ್ತು ಮಣಿಯಾದಾಗಲೊಮ್ಮೆ ಜಸಿಂತಮ್ಮ ಮರಿಯಾ ತಾಯಿಯ ಬಾಳಿನ ಒಂದು ಸಂಗತಿ ಹೇಳಿ, ಅದನ್ನೇ ನೆನೆಯುತ್ತ ಮುಂದಿನ ಹತ್ತು ಮಣಿ ಹೋಗಬೇಕು ಎನ್ನುತ್ತಿದ್ದರು. ಗೋಡೆಗೊರಗಿದ್ದ ದಿವ್ಯಳ ರೆಪ್ಪೆ ಭಾರವಾಯಿತು. ಅವಳ ಮುಚ್ಚಿದ ಕಣ್ಣೊಳಗೆ, ದೇವದೂತ ಬಂದು ಮಾತಾಡಿಸಿದ ಹುಡುಗಿ ಹಟ್ಟಿಯ ಬಾವಿಯ ಹತ್ತಿರ ಕೊಡ ಇಳಿಸಿ ನಿಂತಿದ್ದಳು. ಬಸುರಿ ನೆಂಟರವಳನ್ನು ನೋಡಲು ಬೆಟ್ಟಗಾಡಿಗೆ ಹೊರಟವಳು ಕೊರಟಗೆರೆಯ ದಾರಿಯ ಬಂಡೆಗಳ ನಡುವೆ ಸೆರಗು ಬಿಗಿದು ಬಿರಬಿರನೆ ನಡೆಯುತ್ತಿದ್ದಳು, ಅವಳ ಹಿಂದೆ ಸೀಬೆಹಣ್ಣಿನ ವಾಸನೆ ಬರುತ್ತಿತ್ತು.

"ಹೆರೋ ಹೊತ್ತಿಗೆ ಛತ್ರದಲ್ಲಿ ಜಾಗ ಸಿಗಲಿಲ್ಲ" ಎಂದರು ಜಸಿಂತಮ್ಮ. "ದನದ ಕೊಟ್ಟಿಗೇಲಿ ಹೆತ್ತಳು. ಮೊದಲು ನೋಡೋಕೆ ಬಂದೋರು ಕುರಿ ಕಾಯೋರು."

ಹೊನ್ನಕ್ಕನ ಬೆರಳು ನಿಂತಿತು. "ಒಳಗೆ ಸೇರಿಸ್ಲಿಲ್ವಾ? ಕುರಿಯೋರು ಬಂದ್ರಾ? ಸಿಸ್ಟರಮ್ಮ, ಇವ್ಳು ನಮ್ಮ ಪೈಕಿನೇ ಅಲ್ವಾ! ಅವತ್ತೇ ಹೇಳ್ಬಾರ್ದಾ?"

"ಹೇಳೋಕೆ ನೀನೆಲ್ಲಿ ಬಿಟ್ಟೆ? ಹೊರಗೆ ನಿಂತು ಬಾಯಿ ಬಡ್ಕೊಳ್ತಿದ್ದೆ."

ಆಮೇಲಿನ ಮಣಿಗಳಲ್ಲಿ ಹೊನ್ನಕ್ಕನ ದನಿಯೇ ಬೇರೆಯಾಯಿತು, ಮನೆಯ ಮಗಳನ್ನು ಮಾತಾಡಿಸುವ ಹಾಗೆ. ದೇವಾಲಯಕ್ಕೆ ಹೊತ್ತು ತಂದ ಕೂಸು, ಕಳೆದುಹೋಗಿ ಸಿಕ್ಕಿದ ಮಗ, ಎಲ್ಲ ದಾಟಿ ಬೆರಳು ಬಿಲ್ಲೆಗೆ ತಾಕಿತು. ಅಭ್ಯಾಸದ ಕೈ ತಟ್ಟನೆ ಸರವನ್ನು ಹೊರಳಿಸಿತು.

"ಹಾಗಲ್ಲ ಹೊನ್ನಕ್ಕ. ಶಿಲುಬೆಯವರೆಗೂ ಹೋಗ್ಬೇಕು. ನಮ್ಮ ಮನೇಲಿ ಮುಗಿಸೋದು ಅಲ್ಲೇ."

"ಮೇರು ದಾಟ್ಬಾರ್ದು."

"ನಮ್ಮಲ್ಲಿ ಹಾಗೇನಿಲ್ಲ."

"ನಮ್ಮಲ್ಲಿ ಐತೆ."

ಜಸಿಂತಮ್ಮ ಸೋತು ಕೈ ಚಾಚಿದರು. "ಹೋಗ್ಲಿ ಬಿಡು. ಇಷ್ಟು ಮಾಡಿದ್ದೀಯಲ್ಲ, ಸಾಕು. ಕೊಡು."

"ಸಾಕು ಅಂದ್ರೆ ಮುಗ್ದಂಗಾಯ್ತಾ?" ಹೊನ್ನಕ್ಕ ಸರವನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. "ಮುಗಿಸಿ ಕೊಡ್ತೀನಿ ಅಂದಿದ್ನಲ್ಲ. ಕೂಸು ಉಳ್ಕೊಂತು, ನನ್ ಮಾತು ಉಳೀಲಿಲ್ಲ ಅಂದ್ರೆ ಹೆಂಗೆ?" ಹಿಂದಕ್ಕೂ ಹೋಗಲಾರಳು, ಮುಂದಕ್ಕೂ ಹೋಗಲಾರಳು.

ದಿವ್ಯ ಕಣ್ಣು ಬಿಟ್ಟಳು. ಅಜ್ಜಿಯ ಮುಷ್ಟಿಯಿಂದ ಬಿಲ್ಲೆಯ ಕೆಳಗಿನ ಆ ಒಂದಷ್ಟು ಮಣಿ ಜೋತಾಡುತ್ತಿದ್ದವು. ಇಷ್ಟು ವರ್ಷ ಅಜ್ಜಿ ಮೊಮ್ಮಗಳಿಬ್ಬರೂ ಅದನ್ನು ಜಪಮಾಲೆಯ ಕುಚ್ಚು ಎಂದುಕೊಂಡಿದ್ದರು, ಬರೀ ಅಲಂಕಾರ. ಅವಳು ಎದ್ದು ಬಂದು ಅಜ್ಜಿಯ ಪಕ್ಕ ಕೂತು, ಅವಳ ಹೆಬ್ಬೆರಳನ್ನು ಬಿಲ್ಲೆಯ ಮೇಲಿಟ್ಟಳು.

"ಅಜ್ಜಿ, ದಾಟ್ಬೇಡ. ಆ ಕಡೆಗೆ ಹೋಗ್ಲೇಬೇಡ. ಇಲ್ಲಿಂದ ಹಂಗೇ ಕೆಳಕ್ಕೆ ಇಳಿ."

ಹೊನ್ನಕ್ಕ ಬಿಲ್ಲೆಯನ್ನು ನೋಡಿದಳು. ಕೆಳಗಿನ ಮಣಿಗಳನ್ನು ನೋಡಿದಳು.

"ಇಳೀಬಾರ್ದು ಅಂತ ದಾಸಯ್ಯ ಹೇಳಿಲ್ಲ" ಎಂದಳು ಕೊನೆಗೆ.

"ಇಲ್ಲ ತಾನೆ?" ಎಂದರು ಜಸಿಂತಮ್ಮ, ಕಣ್ಣೊರೆಸಿಕೊಂಡು.

ಹೊನ್ನಕ್ಕನ ಬೆರಳು ಬಿಲ್ಲೆಯಿಂದ ಇಳಿಯಿತು, ಕತ್ತಲ ಮನೆಯ ಮೆಟ್ಟಿಲಿಳಿಯುವ ಪಾದದಂತೆ ತಡವರಿಸುತ್ತ. ಒಂದು ಬಿಡಿ ಮಣಿ. ಒತ್ತಾಗಿ ನಿಂತ ಮೂರು ಮಣಿ. ನಮೋ ಮರಿಯಾ, ಕೈ ಬುಡಬ್ಯಾಡ. ನಮೋ ಮರಿಯಾ, ಕೈ ಬುಡಬ್ಯಾಡ. ದಿವ್ಯಳ ತುಟಿಯೂ ಜೊತೆಗೆ ಅಲ್ಲಾಡುತ್ತಿತ್ತು, ಯಾವ ಅರ್ಧ ಹೇಳುತ್ತಿದ್ದಾಳೆಂದು ಅವಳಿಗೇ ತಿಳಿಯದು. ಮತ್ತೊಂದು ಬಿಡಿ ಮಣಿ. ಅದರಾಚೆ ಮರದ ಶಿಲುಬೆ. ಇಷ್ಟು ವರ್ಷವೂ ಯಾರೂ ಹಿಡಿಯದ ಅದು ಒರಟಾಗಿಯೇ ಉಳಿದಿತ್ತು.

ಹೊನ್ನಕ್ಕ ಅದನ್ನು ಎರಡೂ ಕಣ್ಣಿಗೊತ್ತಿಕೊಂಡಳು. ಸರವನ್ನು ಅಂಗೈಯಲ್ಲಿ ಗುಪ್ಪೆ ಮಾಡಿ ಜಸಿಂತಮ್ಮನ ಕೈಯಲ್ಲಿಟ್ಟು, ಅವರ ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು.

"ತಗಳ್ಳಿ ಸಿಸ್ಟರಮ್ಮ" ಎಂದಳು. "ಮುಗೀತು."