ದಪ್ಪ ನೂಲಿನ ದಿಂಬು

ದಪ್ಪ ನೂಲು ತೆಗೆಯುವುದೆಂದರೆ ಕೈ ಬಾರದವರ ಕೆಲಸ ಎಂದು ನಂಬಿಕೊಂಡೇ ಬೋರಕ್ಕ ಐವತ್ತು ದಾಟಿದ್ದಳು. ಅವಳ ತಾಯಿ ಕದಿರು ಹಿಡಿಯಲು ಕಲಿಸುವಾಗ ಎಳೆ ಎಲ್ಲಾದರೂ ದಪ್ಪವಾಯಿತೋ, ಬೆರಳ ಗೆಣ್ಣಿನ ಮೇಲೆ ಕುಟ್ಟುತ್ತಿದ್ದಳು. ಕಂಬಳಿ ನೇಯುವವರು ಅಂಥ ನೂಲನ್ನು ಮೂಸಿಯೂ ನೋಡುತ್ತಿರಲಿಲ್ಲ. ಹಾಗಾಗಿ ಚಳ್ಳಕೆರೆಗೆ ಕೊಟ್ಟಿದ್ದ ಮಗಳು ಚಿತ್ರಾ ಒಂದು ದಿನ ಫೋನು ಮಾಡಿ, "ಅವ್ವಾ, ನಂಗೆ ಹೆಬ್ಬೆಟ್ಟಿನ ಗಾತ್ರ ನೂಲು ತೆಗ್ದು ಕೊಡ್ತೀಯಾ?" ಎಂದಾಗ ಬೋರಕ್ಕ ಬಿದ್ದು ಬಿದ್ದು ನಕ್ಕಳು.

"ಹೆಬ್ಬೆಟ್ಟಿನ ಗಾತ್ರ? ಎಮ್ಮೆ ಕಟ್ಟೋಕೇನೇ?"

"ದಿಂಬು ಮಾಡೋಕೆ. ಸೋಫಾದ್ ಮ್ಯಾಲೆ ಇಡೋ ದಿಂಬು. ಮೊಬೈಲಾಗೆ ನೋಡೀನಿ, ದಪ್ಪ ದಪ್ಪ ಜಡೆ ಹಾಕ್ದಂಗೆ ಇರ್ತೈತೆ. ಅಂಗಡೀಲಿ ಸಿಗೋದೆಲ್ಲ ಕೂಸಿನ ಟೋಪಿ ಹೆಣಿಯೋ ಸಣ್ಣ ಉಲ್ಲನ್ ದಾರ."

"ತಲೆ ಇಟ್ಕಣಾಕಾ?"

"ಇಲ್ಲವ್ವಾ, ಸುಮ್ನೆ ನೋಡಾಕೆ."

ನೋಡುವುದಕ್ಕೆ ಒಂದು ದಿಂಬು! ತಲೆ ಇಡದ ದಿಂಬಿನ ಸುದ್ದಿಯನ್ನು ಬೋರಕ್ಕ ಅದುವರೆಗೆ ಕೇಳಿರಲಿಲ್ಲ. ಪರಶುರಾಂಪುರದ ಆಚೆಗಿನ ಅವಳ ಹಟ್ಟಿಯಲ್ಲಿ ಗಂಡಸರು ಕುರಿಯ ಹಿಂದೆ ಹೋದರೆ ಮಡಿಸಿದ ಕಂಬಳಿಯೇ ದಿಂಬು, ಅದೂ ಇಲ್ಲವೆಂದರೆ ತೋಳು. ಆದರೂ ಮಗಳು ಬಾಯಿಬಿಟ್ಟು ಕೇಳಿದ್ದಾಳೆ. ಅಟ್ಟದ ಮೇಲಿದ್ದ ಕದಿರನ್ನು ಇಳಿಸಿ, ಗಂಡ ಸಣ್ಣತಿಮ್ಮಪ್ಪ ಕತ್ತರಿಸಿ ತಂದ ಕರಿ ಉಣ್ಣೆಯನ್ನು ಹಿಂಜಿಕೊಂಡು ಕೂತಳು. ಕೂತ ಮೇಲೆ ಗೊತ್ತಾಯಿತು, ದಪ್ಪ ನೂಲು ಬರಲೊಲ್ಲದು. ಬೆರಳು ತಾನಾಗಿ ಎಳೆಯನ್ನು ಸಣ್ಣಗೆ ಎಳೆದುಬಿಡುತ್ತಿತ್ತು. ಕಲಿತದ್ದನ್ನು ಮರೆಯುವುದಕ್ಕೆ ಅವಳಿಗೆ ವಾರಗಟ್ಟಲೆ ಹಿಡಿಯಿತು. ಸಣ್ಣತಿಮ್ಮಪ್ಪ ಹೋಗುತ್ತಾ ಬರುತ್ತಾ, "ಏನೇ, ಹಗ್ಗ ಹೊಸೀತಿಯಾ?" ಎಂದು ರೇಗಿಸಿದ. ರೇಗಿಸಿದವನೇ ಬೇವಿನ ಕೊಂಬೆಯೊಂದನ್ನು ಕೆತ್ತಿ, ತುದಿಗೆ ಕೊಕ್ಕೆ ಮಾಡಿ, ಗಾಜಿನ ಚೂರಿನಿಂದ ನುಣ್ಣಗೆ ಹೆರೆದು, ಮಗಳಿಗೆ ಬೆರಳು ಗಾತ್ರದ ಕ್ರೋಷಾ ಕಡ್ಡಿಯನ್ನೂ ಮಾಡಿಕೊಟ್ಟ.

ಚಿತ್ರಾ ದಿಂಬಿನ ಒಂದು ಮಗ್ಗುಲನ್ನು ಹೆಣೆದು ಫೋಟೋ ಕಳಿಸಿದಳು. ಕರಿ ಉಣ್ಣೆಯ ಉಬ್ಬುಬ್ಬಾದ ಕುಣಿಕೆಗಳು, ಮಟ್ಟಸವಾದ ನಾಲ್ಕು ಮೂಲೆ. ಬೋರಕ್ಕ ಅದನ್ನು ಹಟ್ಟಿಗೆಲ್ಲ ತೋರಿಸಿ ಬಂದಳು. ಎರಡನೆಯ ಮಗ್ಗುಲು ಮಾತ್ರ ಮುಗಿಯಲೇ ಇಲ್ಲ. "ನೂಲು ಕೊಟ್ಟು ಎಷ್ಟು ದಿನ ಆತು? ಸೋಮಾರಿ ಕಣೇ ನೀನು," ಎಂದು ಬೋರಕ್ಕ ಫೋನಿನಲ್ಲಿ ಗದರುತ್ತಿದ್ದಳು. "ಮುಗಿಸ್ತೀನವ್ವ. ಯಾಕೋ ಕೈ ಓಡವಲ್ದು. ತಲೆ ನೋವು," ಎನ್ನುತ್ತಿದ್ದಳು ಚಿತ್ರಾ. ಬಿಸಿಲಿಗೆ ತಲೆ ನೋಯದವರು ಯಾರು? ಹರಳೆಣ್ಣೆ ತಟ್ಟಿಕೋ ಎಂದಳು ಬೋರಕ್ಕ. ಅಷ್ಟೇ ಹೇಳಿದ್ದು ಅವಳು.

ಒಂದು ಬೆಳಿಗ್ಗೆ ಚಿತ್ರಾ ಅಡುಗೆಮನೆಯಲ್ಲಿ ಬಿದ್ದಳು. ಗಂಡ ಈರೇಶ ಅವಳನ್ನು ದಾವಣಗೆರೆಗೆ ಕರೆದೊಯ್ದ. ತಲೆಯೊಳಗೆ ಗಡ್ಡೆ, ಬಹಳ ದಿನದಿಂದ ಬೆಳೆದಿದೆ ಎಂದರು ಡಾಕ್ಟರು. ಅವಳು ಮತ್ತೆ ಕಣ್ಣು ಬಿಡಲಿಲ್ಲ. ಮದುವೆಯಾಗಿ ಮೂರನೇ ವರ್ಷ, ಮಕ್ಕಳಿನ್ನೂ ಆಗಿರಲಿಲ್ಲ.

ಸತ್ತವರ ಹಾಸಿಗೆ ದಿಂಬು ಮನೆಯಲ್ಲಿ ಉಳಿಯಬಾರದು. ಬೀಗಿತ್ತಿ ಮಂಜುಳಮ್ಮ ಚಾಪೆ, ಹೊದಿಕೆಗಳ ಜೊತೆ ದಿಂಬಿನ ಮುಗಿದ ಮಗ್ಗುಲನ್ನೂ ಕಡ್ಡಿ ಸಿಕ್ಕಿಸಿಯೇ ಇದ್ದ ಅರ್ಧ ಮಗ್ಗುಲನ್ನೂ ಹೊರಗೆ ಹಾಕಿಸಿದ್ದಳು. ಅಲ್ಲಿಯವರೆಗೆ ಗೋಡೆಗೆ ಒರಗಿ ಕೂತಿದ್ದ ಬೋರಕ್ಕ ಎದ್ದು ಬಂದು ಆ ಹೆಣಿಗೆಯನ್ನು ಬಾಚಿಕೊಂಡಳು. "ಇದರ ಮ್ಯಾಲೆ ಯಾರೂ ತಲೆ ಇಟ್ಟಿಲ್ಲ. ಇದಿನ್ನೂ ದಿಂಬೇ ಆಗಿಲ್ಲ," ಎಂದಳು. ಅವಳ ಮುಖ ನೋಡಿ ಯಾರೂ ಎದುರಾಡಲಿಲ್ಲ.

ಮನೆಗೆ ತಂದವಳು ಒಂದು ತಪ್ಪು ಮಾಡಿದಳು. ಕಂಬಳಿಯಲ್ಲಿ ಎಳೆಯೊಂದು ಹೊರಗೆ ಇಣುಕಿದರೆ ಹಿಡಿದು ಜಗ್ಗಬೇಕು, ಜಗ್ಗಿದಷ್ಟೂ ನೇಯ್ಗೆ ಬಿಗಿಯುತ್ತದೆ. ಉಣ್ಣೆಯ ಮನೆಯಲ್ಲಿ ಹುಟ್ಟಿದ ಯಾರ ಕೈಯಾದರೂ ಅದನ್ನೇ ಮಾಡುತ್ತಿತ್ತು. ಬೋರಕ್ಕ ಕಡ್ಡಿಯನ್ನು ಮೆಲ್ಲಗೆ ಹೊರಗೆ ತೆಗೆದು, ಜೋಲುತ್ತಿದ್ದ ನೂಲನ್ನು ಭದ್ರ ಮಾಡೋಣವೆಂದು ಜಗ್ಗಿದಳು. ಕುಣಿಕೆಗಳು ಒಂದರ ಹಿಂದೆ ಒಂದು ಪುಸಪುಸನೆ ಬಿಚ್ಚಿಕೊಂಡವು. ಏನಾಗುತ್ತಿದೆ ಎಂದು ತಿಳಿಯುವಷ್ಟರಲ್ಲಿ ಮಗಳು ಹೆಣೆದ ಕಡೆಯ ಸಾಲು ಬರೀ ನೂಲಾಗಿ ಅವಳ ತೊಡೆಯ ಮೇಲೆ ಬಿದ್ದಿತ್ತು. ಬೋರಕ್ಕ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಮಗಳನ್ನು ಇನ್ನೊಮ್ಮೆ ಕಳೆದುಕೊಂಡೆ, ಅದೂ ನನ್ನ ಕೈಯಿಂದಲೇ ಎಂದು ಅತ್ತಳು. ಉಳಿದ ಕುಣಿಕೆಗೆ ಕಂಬಳಿಯ ಗಂಟು ಹಾಕಿ, ಹಳೆ ಸೀರೆಯಲ್ಲಿ ಸುತ್ತಿ, ಟ್ರಂಕಿನ ತಳಕ್ಕೆ ಇಟ್ಟಳು. ಆಮೇಲೆ ಕದಿರನ್ನೂ ಮುಟ್ಟಲಿಲ್ಲ.

ವರ್ಷದ ಮೇಲೆ ಈರೇಶನಿಗೆ ಮತ್ತೆ ಮದುವೆಯಾಯಿತು. ತಪ್ಪೇನಿಲ್ಲ, ಇನ್ನೂ ಚಿಕ್ಕ ವಯಸ್ಸು, ಎಣ್ಣೆ ಮಿಲ್ಲಿನಲ್ಲಿ ದುಡಿದು ಬಂದವನಿಗೆ ಒಂದು ಮುದ್ದೆ ತಿರುವಿ ಹಾಕುವವರು ಬೇಡವೇ? ಬೋರಕ್ಕ ಇದನ್ನೆಲ್ಲ ಬಾಯಲ್ಲಿ ಹೇಳುತ್ತಿದ್ದಳು. ಹೊಟ್ಟೆಯೊಳಗಿನ ಮಾತೇ ಬೇರೆ ಇತ್ತು. ಹುಡುಗಿ ಮೊಳಕಾಲ್ಮೂರಿನ ಕಡೆಯವಳು, ಹೆಸರು ನಾಗರತ್ನ. ಈ ಸೀಮೆಯ ಅವರ ಜನದಲ್ಲಿ ಒಂದು ರೂಢಿ ಉಂಟು. ಹೆಂಡತಿ ಸತ್ತವನನ್ನು ಕಟ್ಟಿಕೊಂಡು ಬಂದವಳು ಸತ್ತವಳ ತವರಿಗೆ ಹೋಗಿ ಮಡ್ಲು ತುಂಬಿಸಿಕೊಳ್ಳಬೇಕು. ಅಂದಿನಿಂದ ಅವಳಿಗೂ ಅದೇ ತವರು. ಮಡ್ಲು ತುಂಬುವಾಗ ಸತ್ತವಳ ತಾಯಿ ಅವಳನ್ನು 'ಮಗಳೇ' ಎಂದು ಬಾಯಿಬಿಟ್ಟು ಕರೆಯಬೇಕು. ಕರೆಯದಿದ್ದರೆ ತುಂಬಿದ ಮಡ್ಲು ತುಂಬಿದ ಲೆಕ್ಕವಲ್ಲ, ಬಂದವಳ ಬಾಳು ನೆಟ್ಟಗಾಗುವುದಿಲ್ಲ ಎಂದು ಹೇಳುತ್ತಾರೆ.

"ಅಕ್ಕಿ ಹಾಕ್ತೀನಿ, ಕಾಯಿ ಇಡ್ತೀನಿ, ಸೀರೆ ಕೊಡ್ತೀನಿ. ಆ ಮಾತು ಮಾತ್ರ ನನ್ನ ಬಾಯಾಗೆ ಬರಾದಿಲ್ಲ," ಎಂದಳು ಬೋರಕ್ಕ ಗಂಡನಿಗೆ.

"ಆ ಹುಡುಗಿ ಏನ್ ಮಾಡೈತೆ ಪಾಪ?"

"ಏನೂ ಮಾಡಿಲ್ಲ. ಗೊತ್ತೈತೆ. ಆದ್ರೂ ಬರಾದಿಲ್ಲ."

ಅವರಿಬ್ಬರೂ ಬಂದದ್ದು ಮಧ್ಯಾಹ್ನದ ಬಸ್ಸಿಗೆ. ಈರೇಶ ಹೊಸಿಲು ದಾಟುವಾಗ ತಲೆ ಎತ್ತಲಿಲ್ಲ. ನೀರು ಕುಡಿದವನೇ ಕುರಿ ನೋಡುವ ನೆವ ಮಾಡಿಕೊಂಡು ಮಾವನ ಹಿಂದೆ ದೊಡ್ಡಿಯ ಕಡೆ ಹೋಗಿಬಿಟ್ಟ. ಒಳಗೆ ಉಳಿದವರು ಇಬ್ಬರು ಹೆಂಗಸರು. ನಾಗರತ್ನ ಚಾಪೆಯ ಅಂಚಿನಲ್ಲಿ ಕೂತಳು. ಸಣಕಲು ಹುಡುಗಿ, ಉದ್ದ ಬೆರಳು. ಗೋಡೆಯ ಮೇಲಿದ್ದ ಚಿತ್ರಾಳ ಫೋಟೋವನ್ನು ನೋಡಲೂ ಆಗದೆ ನೋಡದಿರಲೂ ಆಗದೆ ಒದ್ದಾಡುತ್ತಿದ್ದಳು.

"ಊಟ ಮಾಡ್ತೀಯಾ?" ಎಂದಳು ಬೋರಕ್ಕ.

"ಪರ್ವಾಲೇದಮ್ಮಾ. ಆಮ್ಯಾಲೆ ಮಾಡ್ತೀನಿ."

ಸದ್ಯ, ಅವ್ವಾ ಎನ್ನಲಿಲ್ಲ ಎಂದುಕೊಂಡಳು ಬೋರಕ್ಕ. ಬಂದ ಕೆಲಸ ಬೇಗ ಮುಗಿಸಿ ಕಳಿಸಿಬಿಡೋಣವೆಂದು ಟ್ರಂಕು ತೆರೆದು, ಹೊಸ ಸೀರೆಗಾಗಿ ಕೈ ಹಾಕಿ ಸರಕ್ಕನೆ ಎಳೆದಳು. ಅದರ ಜೊತೆಗೆ ಹಳೆ ಸೀರೆಯ ಸುತ್ತೂ ಎದ್ದು ಬಂತು. ಸುತ್ತು ಬಿಚ್ಚಿ, ಕರಿ ಉಣ್ಣೆಯ ಹೆಣಿಗೆ ನೆಲಕ್ಕೆ ಬಿತ್ತು. ಬೇವಿನ ಕಡ್ಡಿ ಉರುಳಿಕೊಂಡು ಹೋಯಿತು. ಗಂಟು ಸಡಿಲಾಗಿ, ನೂಲು ಟ್ರಂಕಿನ ಚಿಲಕಕ್ಕೆ ಸಿಕ್ಕಿಕೊಂಡಿತು.

ಬೋರಕ್ಕ ಬಗ್ಗುವ ಮೊದಲೇ ನಾಗರತ್ನ ಹಾರಿ ಬಂದು ಕಡೆಯ ಕುಣಿಕೆಯನ್ನು ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

"ಮುಟ್ಟಬ್ಯಾಡ! ಬಿಡು ಅದನ್ನ!" ಬೋರಕ್ಕನ ದನಿ ಅವಳಿಗೇ ಗುರುತು ಸಿಗದಂತಿತ್ತು.

ಹುಡುಗಿ ಬಿಡಲಿಲ್ಲ. "ಬಿಟ್ರೆ ಬಿಚ್ಚೋಗ್ತೈತಮ್ಮಾ. ಇದೊಂದು ಕುಣಿಕೆ ಜಾರಿದ್ರೆ ಎಲ್ಲಾ ಹೋಗ್ತೈತೆ. ಆ ಕಡ್ಡಿ ಕೊಡ್ರಿ ಇಲ್ಲಿ."

ಬೋರಕ್ಕ ಕಡ್ಡಿ ಎತ್ತಿಕೊಟ್ಟಳು. ಯಾಕೆ ಕೊಟ್ಟಳೋ, ಕೊಟ್ಟಳು. ನಾಗರತ್ನ ಕೊಕ್ಕೆಯನ್ನು ಕುಣಿಕೆಗೆ ತೂರಿಸಿ, ನೂಲನ್ನು ಚಿಲಕದಿಂದ ಬಿಡಿಸಿ, ಉಸಿರು ಬಿಟ್ಟಳು. ಮೊಳಕಾಲ್ಮೂರಿನಲ್ಲಿ ಅವಳು ಮದುವೆಗೆ ಮುಂಚೆ ರೇಷ್ಮೆ ಸೀರೆಗಳ ಸೆರಗಿಗೆ ಕುಚ್ಚು ಹಾಕುತ್ತಿದ್ದಳಂತೆ, ಅದೂ ಕ್ರೋಷಾ ಕಡ್ಡಿಯಲ್ಲೇ. ಕೂದಲಿನಂಥ ದಾರದಲ್ಲಿ ಪಳಗಿದ ಕೈಗೆ ಈ ಹಗ್ಗದಂಥ ನೂಲು ಆಟದ ಸಾಮಾನಿನಂತೆ ಕಂಡಿರಬೇಕು.

"ಈ ಗಂಟು ಯಾರು ಹಾಕಿದ್ದು?"

"ನಾನೇ." ಬೋರಕ್ಕ ಗೋಡೆ ಹಿಡಿದು ಕೂತಳು. "ಒಂದು ಸಾಲು ನಾನೇ ಬಿಚ್ಚಿಬಿಟ್ಟೆ. ಗೊತ್ತಿಲ್ದಂಗೆ."

ನಾಗರತ್ನ ಹೆಣಿಗೆಯನ್ನು ಮಡಿಲಲ್ಲಿ ಹರಡಿಕೊಂಡಳು. ಮೊದಲ ಮಗ್ಗುಲನ್ನು ನೋಡಿ, "ಎಷ್ಟು ನೀಟಾಗಿ ಹಾಕವ್ರೆ ಅಕ್ಕ," ಎಂದಳು. ಅಕ್ಕ ಎಂದದ್ದು ಚಿತ್ರಾಳಿಗೆ. ಎರಡನೆಯದರ ಅಂಚಿನ ಮೇಲೆ ಬೆರಳು ಓಡಿಸುತ್ತಾ ಹೋದಂತೆ ಅವಳ ಹುಬ್ಬು ಗಂಟಾಯಿತು. ಇದು ಕೆಳಗೆ ಅಗಲವಾಗಿದ್ದು ಮೇಲಕ್ಕೆ ಹೋದಂತೆ ಕಿರಿದಾಗಿತ್ತು. ಅದೂ ಒಂದು ಡಿಸೈನು ಎಂದೇ ಬೋರಕ್ಕ ಇಷ್ಟು ದಿನ ತಿಳಿದಿದ್ದಳು.

"ಡಿಸೈನಲ್ಲಮ್ಮಾ. ಇಲ್ಲಿಂದ ಮ್ಯಾಲೆ ಒಂದೊಂದು ಸಾಲಿನ ಕೊನೇ ಕುಣಿಕೆ ಬಿಟ್ಟೋಗೈತೆ. ಹೊಸಬರು ಬಿಡ್ತಾರೆ. ಆದ್ರೆ ಅಕ್ಕ ಹೊಸಬ್ರಲ್ಲ, ಮೊದಲನೇದ್ರಾಗೆ ಒಂದೂ ತಪ್ಪಿಲ್ಲ." ನಾಗರತ್ನ ಕಡ್ಡಿಯನ್ನು ಬಲಗೈಯಲ್ಲಿ ಹಿಡಿದು ಗಾಳಿಯಲ್ಲೇ ಒಂದು ಸಾಲು ಹೆಣೆದು ನೋಡಿದಳು. ಕೈ ಬಲದಿಂದ ಎಡಕ್ಕೆ ಸರಿಯಿತು. "ಸಾಲಿಗೊಮ್ಮೆ ತಿರುವಿ ಹಿಡಿದ್ರೂ ಸಾಲು ಮುಗಿಯೋದು ಯಾವಾಗ್ಲೂ ಎಡಗಡೇಲಿ. ಎಡಗಡೆ ಕಡೇದು ಅವ್ರಿಗೆ..." ಅಲ್ಲಿಗೆ ನಿಲ್ಲಿಸಿ ಬೋರಕ್ಕನ ಮುಖ ನೋಡಿದಳು.

"ಹೇಳು."

"ಕಾಣ್ತಿರ್ಲಿಲ್ಲೇನೋ ಅಮ್ಮಾ."

ಬೋರಕ್ಕ ಬಾಗಿಲ ಕಡೆ ನೋಡಿದಳು. ಸಾಯುವ ಮುಂಚಿನ ಯುಗಾದಿಗೆ ಚಿತ್ರಾ ಬಂದಿದ್ದಳು. ಒಳಗೆ ಬರುವಾಗ ಎಡ ಭುಜವನ್ನು ಬಾಗಿಲ ಚೌಕಟ್ಟಿಗೆ ಬಡಿದುಕೊಂಡಳು. ಹೊರಗೆ ಹೋಗುವಾಗ ಮತ್ತೆ ಬಡಿದುಕೊಂಡಳು. "ಪೇಟೆ ಸೇರಿದ ಮ್ಯಾಲೆ ಹುಟ್ಟಿದ ಮನೆ ಬಾಗ್ಲೇ ಮರ್ತೋತೇನೇ?" ಎಂದು ಬೋರಕ್ಕ ನಕ್ಕಿದ್ದಳು, ಚಿತ್ರಾಳೂ ನಕ್ಕಿದ್ದಳು. ಎಲೆಯ ಎಡಬದಿಗೆ ಬಡಿಸಿದ್ದ ಕೋಸಂಬರಿ, ಉಪ್ಪಿನಕಾಯಿ ಹಾಗೆಯೇ ಉಳಿದಿತ್ತು. "ಇಷ್ಟು ಚೆಲ್ತಾರೇನೇ?" ಎಂದು ಅದಕ್ಕೂ ಬೈದಿದ್ದಳು. ಮಗಳ ಅರ್ಧ ಲೋಕ ಕತ್ತಲಾಗುತ್ತಿತ್ತು, ತಾಯಿ ಎದುರಿಗೆ ಕೂತು ಎಲೆ ಎತ್ತು ಎನ್ನುತ್ತಿದ್ದಳು. ಮುಗೀತೇನೇ ದಿಂಬು, ಮುಗೀತೇನೇ ದಿಂಬು ಎಂದು ಫೋನಿನಲ್ಲಿ ಪ್ರಾಣ ತಿನ್ನುತ್ತಿದ್ದಳು. ಕಾಣದ ಕಣ್ಣಲ್ಲೇ ಆ ಹುಡುಗಿ ಅವ್ವನಿಗಾಗಿ ಸಾಲಿನ ಮೇಲೆ ಸಾಲು ಹೆಣೆದಿತ್ತು.

"ನಾನು ನೋಡ್ಲಿಲ್ಲ," ಎಂದಳು ಬೋರಕ್ಕ. "ಅವಳಿಗೆ ಕಾಣ್ಲಿಲ್ಲ ಸರಿ, ನನ್ನ ಕಣ್ಣಿಗೆ ಏನಾಗಿತ್ತು?" ಎದೆ ಎದೆ ಬಡಿದುಕೊಂಡು ಅತ್ತಳು. ಮಗಳು ಸತ್ತ ದಿನವೂ ಅವಳು ಹೀಗೆ ಅತ್ತಿರಲಿಲ್ಲ. ನಾಗರತ್ನ ಎದ್ದು ಬಂದು ಪಕ್ಕದಲ್ಲಿ ಕೂತಳೇ ಹೊರತು ಸಮಾಧಾನ ಹೇಳಲು ಹೋಗಲಿಲ್ಲ. ಕುಣಿಕೆಯಿಂದ ಕಡ್ಡಿ ಜಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡೇ, ಇನ್ನೊಂದು ಕೈಯನ್ನು ಬೋರಕ್ಕನ ಬೆನ್ನ ಮೇಲೆ ಇಟ್ಟಿದ್ದಳು.

ಅಳು ಇಳಿದ ಮೇಲೆ ಹುಡುಗಿ ಮೆಲ್ಲಗೆ ಕೇಳಿದಳು. "ಇದನ್ನ ಪೂರಾ ಮಾಡ್ಲಾ ಅಮ್ಮಾ? ತಪ್ಪಿರೋ ಸಾಲು ಬಿಚ್ಚಿ ಸರಿಯಾಗಿ ಹಾಕಿದ್ರೆ ಚೌಕ ಬರ್ತೈತೆ."

"ಬಿಚ್ಚಬ್ಯಾಡ!"

"ಇಲ್ಲ, ಇಲ್ಲ. ಬಿಚ್ಚಲ್ಲ." ನಾಗರತ್ನ ಸ್ವಲ್ಪ ಯೋಚಿಸಿದಳು. "ಹಂಗೇ ಬಿಟ್ಟು, ಕಮ್ಮಿ ಬಿದ್ದಿರೋ ಕಡೆ ಎರಡು ತುಂಡು ಹೆಣೆದು ಕೂಡಿಸ್ತೀನಿ. ದಿಂಬು ಒಂಚೂರು ಸೊಟ್ಟಗೆ ಕೂರ್ತೈತೆ."

"ಸೊಟ್ಟಗಿರ್ಲಿ."

"ನೂಲು ಬೇಕಾಗ್ತೈತೆ. ಇದೇ ದಪ್ಪ."

ಬೋರಕ್ಕ ಮುಖ ಒರೆಸಿಕೊಂಡು ಎದ್ದಳು. ಟ್ರಂಕಿನ ಮೂಲೆಯಲ್ಲಿ ಚಿತ್ರಾ ಬಂದು ಒಯ್ಯಬೇಕಾಗಿದ್ದ ಕಡೆಯ ಉಂಡೆ ಇತ್ತು, ಅದೇ ದಪ್ಪದ್ದು, ಕುರಿಯ ವಾಸನೆ ಇನ್ನೂ ಹೋಗಿರಲಿಲ್ಲ. ಮೊರದಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲ, ವೀಳ್ಯದೆಲೆ ತಂದಳು. ನಾಗರತ್ನ ಪೂರ್ವಕ್ಕೆ ಮುಖ ಮಾಡಿ ಕೂತು ಸೆರಗು ಒಡ್ಡಿದಳು. ಬೋರಕ್ಕ ಅರಿಶಿನ ಕುಂಕುಮ ಹಚ್ಚಿ, ಬೊಗಸೆಯಲ್ಲಿ ಅಕ್ಕಿ ತುಂಬಿ ಸೆರಗಿಗೆ ಸುರಿದಳು. ಕೊಬ್ಬರಿ ಇಟ್ಟಳು. ಸೀರೆ ಇಟ್ಟಳು. ಎಲ್ಲದರ ಮೇಲೆ ಆ ಉಣ್ಣೆಯ ಉಂಡೆಯನ್ನು ಇಟ್ಟಳು. ಹುಡುಗಿ ತಲೆ ಬಗ್ಗಿಸಿ ಕಾದಳು. ಏನನ್ನು ಕಾಯುತ್ತಿದ್ದಾಳೆ ಎಂದು ಇಬ್ಬರಿಗೂ ಗೊತ್ತಿತ್ತು. ಹೊರಗೆ ಈರೇಶ, ಸಣ್ಣತಿಮ್ಮಪ್ಪ ಬಂದು ಬಾಗಿಲಲ್ಲೇ ನಿಂತಿದ್ದರು.

ಬೋರಕ್ಕ ನಾಗರತ್ನಳ ಗದ್ದ ಹಿಡಿದು ಮುಖವನ್ನು ಬೆಳಕಿಗೆ ಎತ್ತಿ, ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು ನೋಡಿದಳು.

"ತಲೆ ನೋವು ಬಂದ್ರೆ ನಂಗೆ ಹೇಳ್ಬೇಕು," ಎಂದಳು. "ಬಿಸಿಲಿಗೆ ಅಂತ ನಾನಂದ್ರೂ ಕೇಳ್ಬ್ಯಾಡ. ಬೈದ್ರೂ ಸುಮ್ನಾಗ್ಬ್ಯಾಡ. ಮತ್ತೆ ಮತ್ತೆ ಹೇಳ್ಬೇಕು ನೀನು, ಮಗಳೇ."